ಆಟ ಬದಲಿಸಬೇಡಿ, ಮೊದಲು ನಿಮ್ಮ ಜೊತೆಗಾರರ ಮನೆಗೆ ಹೋಗಿ

"ಕಾಲೇಜಿನಿಂದಲೂ ಯುದ್ಧದ ಬೋರ್ಡ್ ಆಟಗಳನ್ನು ಆಡ್ತಾ ಬಂದಿದ್ದೇನೆ, ಈಗ 61 ವರ್ಷ. ಕಣ್ಣು ಸೋತಿದೆ, ನಿಯಮ ನೆನಪಿರಲ್ಲ, ಜೊತೆಗಾರರೂ ಎರಡು ವರ್ಷದಿಂದ ಬರ್ತಿಲ್ಲ. ಕಂಪ್ಯೂಟರಿನಲ್ಲಿ ಒಬ್ಬನೇ ಆಡುವ ಸುಲಭದ ಆಟ ಯಾವುದು ಹೇಳಿ" ಅಂತ ಕೇಳಿದ್ದೀರಿ. ಕಣ್ಣು, ನೆನಪು ಎರಡಕ್ಕೂ ದಾರಿ ಇದೆ, ಆಮೇಲೆ ಹೇಳುತ್ತೇನೆ. ಜೊತೆಗಾರರು ಬರ್ತಿಲ್ಲ ಅನ್ನೋದನ್ನು ನೀವು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ.

ನನಗೆ 64. ಮೈಸೂರಿನವನು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. 1984ರಲ್ಲಿ ನಮ್ಮ ಅಣ್ಣ ಅಮೆರಿಕದಿಂದ ಬರುವಾಗ ಒಂದು ಡಬ್ಬ ತಂದ. ಒಳಗೆ ಉದ್ದನೆಯ ನಕ್ಷೆ, ಅರ್ಧ ಅಂಗುಲದ ರಟ್ಟಿನ ಕಾಯಿಗಳು, ಒಂದು ದಾಳ. ಅವಲಾನ್ ಹಿಲ್ ಕಂಪನಿಯವರ 'ಆಫ್ರಿಕಾ ಕೋರ್', 1964ರ ಆಟ. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ರೊಮ್ಮೆಲ್‌ನ ಜರ್ಮನ್ ಸೇನೆಗೂ ಬ್ರಿಟಿಷರಿಗೂ ನಡೆದ ಯುದ್ಧ, 1941ರಿಂದ 42ರವರೆಗೆ. ನಕ್ಷೆಯ ತುಂಬ ಆರು ಮೂಲೆಯ ಮನೆಗಳು.

ನಮ್ಮ ಬೀದಿಯಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರೊಬ್ಬರಿದ್ದರು. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ನಿಯಮದ ಪುಸ್ತಕವನ್ನು ಅವರೇ ಎರಡು ರಾತ್ರಿ ಕೂತು ಓದಿ ನನಗೆ ಕಲಿಸಿದರು. ಅಲ್ಲಿಂದ ಪ್ರತಿ ಭಾನುವಾರ ಆಟ. 1989ರಲ್ಲಿ ಅವರಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಆಗ ಮೇಷ್ಟ್ರು ಏನು ಮಾಡಿದರು ಗೊತ್ತಾ? ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ, ಕೈವಾರ ಹಿಡಿದು, ಇಡೀ ನಕ್ಷೆಯನ್ನು ಇನ್ನೊಂದು ಸಲ ಬರೆದರು. ಒಂದೊಂದೇ ಮನೆ. ಒಂದು ನಕ್ಷೆ ಅವರ ಹತ್ತಿರ, ಒಂದು ನನ್ನ ಹತ್ತಿರ. ನಡೆಗಳನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಕಳಿಸುತ್ತಿದ್ದೆವು. ದಾಳ ಯಾರು ಹಾಕೋದು? ಅಮೆರಿಕದಲ್ಲಿ ಹೀಗೆ ಅಂಚೆಯಲ್ಲಿ ಆಡುವವರು ಪೇಪರಿನಲ್ಲಿ ಬರುವ ಷೇರು ಪೇಟೆಯ ಅಂಕಿಗಳನ್ನು ದಾಳ ಅಂತ ತಗೊಳ್ಳುತ್ತಿದ್ದರು. ನಾವು ಪೇಪರಿನಲ್ಲಿ ಬರುವ ಲಾಟರಿ ನಂಬರ್ ತಗೊಂಡೆವು. ಮೊದಲೇ ತಾರೀಕು ಗೊತ್ತು ಮಾಡಿಕೊಂಡರೆ ಮೋಸಕ್ಕೆ ಜಾಗವೇ ಇಲ್ಲ. ಒಂದು ಆಟಕ್ಕೆ ವರ್ಷ ಹಿಡಿಯುತ್ತಿತ್ತು. 1993ರಲ್ಲಿ ಅವರು ವಾಪಸ್ ಬಂದರು, ಭಾನುವಾರಗಳೂ ವಾಪಸ್ ಬಂದವು.

ಇನ್ನೊಂದು ವಿಷಯ ಹೇಳಬೇಕು. ಆ ಯುದ್ಧದಲ್ಲಿ ಬ್ರಿಟಿಷರ ಕಡೆ ನಮ್ಮ 4ನೇ ಇಂಡಿಯನ್ ಡಿವಿಷನ್ ಅನ್ನೋ ಸೇನೆ ಇತ್ತು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅನ್ನೋ ಸೇನಾ ಎಂಜಿನಿಯರುಗಳ ತುಕಡಿಗಳೂ ಅಲ್ಲಿ ದುಡಿದಿದ್ದವು. ಆ 4ನೇ ಡಿವಿಷನ್ನಿನ 11ನೇ ಬ್ರಿಗೇಡ್ 1942ರ ಜೂನ್‌ನಲ್ಲಿ ಲಿಬಿಯಾದ ಬಂದರು ಪಟ್ಟಣ ಟೊಬ್ರುಕ್ ಜರ್ಮನ್ನರ ಕೈಗೆ ಬಿದ್ದಾಗ ಸೆರೆಯಾಯಿತು. ಮೇಷ್ಟ್ರು ಬ್ರಿಟಿಷರ ಕಡೆ ಆಡುವಾಗ ಆ ಬ್ರಿಗೇಡನ್ನು ಯಾವತ್ತೂ ಟೊಬ್ರುಕ್ ಒಳಗೆ ಇಡಲಿಲ್ಲ. ಆಟದಲ್ಲಿ ನಷ್ಟವಾದರೂ ಸರಿ, ಇಡುತ್ತಿರಲಿಲ್ಲ. "ಒಂದು ಸಲ ಸಾಕು ಕಣಪ್ಪ" ಅನ್ನುತ್ತಿದ್ದರು. ಯುದ್ಧದ ಆಟ ಆಡುವವರಿಗೆ ಯುದ್ಧ ಅಂದರೆ ತಮಾಷೆ ಅಂತ ಯಾರಾದರೂ ಅಂದರೆ ನನಗೆ ಮೇಷ್ಟ್ರ ಆ ಕೈ ನೆನಪಾಗುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಪೂರ್ತಿ ಹೇಳುತ್ತೇನೆ, ಯಾಕಂದರೆ ನೀವೂ ಇಂಥದ್ದೇ ಏನೋ ಮಾಡಿರಬಹುದು ಅಂತ ನನಗೆ ಅನುಮಾನ.

ಈ ಆಟದ ಜೀವ ಇರೋದು ಸಪ್ಲೈನಲ್ಲಿ. ಟ್ಯಾಂಕು ಎಷ್ಟೇ ಇರಲಿ, ಪೆಟ್ರೋಲು ಮದ್ದುಗುಂಡಿನ ಸಪ್ಲೈ ಕಾಯಿ ಹತ್ತಿರದಲ್ಲಿ ಇಲ್ಲದಿದ್ದರೆ ದಾಳಿ ಮಾಡುವಂತಿಲ್ಲ. ಜರ್ಮನ್ನರಿಗೆ ಸಪ್ಲೈ ಬರೋದು ಸಮುದ್ರ ದಾಟಿ. ದಾಳ ಕೆಟ್ಟರೆ ಹಡಗು ಮುಳುಗಿತು, ಆ ಸರದಿಗೆ ಏನೂ ಇಲ್ಲ. ಹಾಗಾಗಿ ಒಂದೊಂದು ಸಪ್ಲೈ ಕಾಯಿಯೂ ಚಿನ್ನ. ಟ್ಯಾಂಕುಗಳನ್ನು ಮುಂದೆ ಓಡಿಸುವಾಗ ಅದನ್ನೂ ಜೊತೆಗೆ ಎಳೆದುಕೊಂಡು ಹೋಗಬೇಕು. ಇದನ್ನು ನನಗೆ ಕಲಿಸಿದವರೇ ಮೇಷ್ಟ್ರು.

2019ರ ಜನವರಿ. ಅವರು ಜರ್ಮನ್ನರ ಕಡೆ. ಎರಡೂ ಪಾಂಜರ್, ಅಂದರೆ ಟ್ಯಾಂಕ್, ಡಿವಿಷನ್‌ಗಳನ್ನು ಟೊಬ್ರುಕ್ ಗೋಡೆಗೆ ತಂದು ನಿಲ್ಲಿಸಿದರು. ಸಪ್ಲೈ ಕಾಯಿ ಹಿಂದೆ ದೂರದಲ್ಲೇ ಉಳಿಯಿತು. ಮರೆತಿದ್ದರು. ಅವರ ಬೆರಳು ಆ ಕಾಯಿಯ ಪಕ್ಕದಲ್ಲೇ ಹಾದುಹೋಯಿತು, ನಾನು ನೋಡಿದೆ. "ಮೇಷ್ಟ್ರೇ, ಸಪ್ಲೈ?" ಅಂತ ಎರಡು ಪದ ಹೇಳಿದ್ದರೆ ಮುಗಿದಿತ್ತು. ಹೇಳಲಿಲ್ಲ. ಅವರು ದಾಳಕ್ಕೆ ಕೈ ಹಾಕುವ ತನಕ ಕಾದೆ. ಆಮೇಲೆ "ದಾಳಿ ಆಗೋದಿಲ್ಲ ಮೇಷ್ಟ್ರೇ, ಸಪ್ಲೈ ದೂರ ಇದೆ" ಅಂದೆ.

ಅವರು ನಕ್ಷೆಯನ್ನೇ ನೋಡುತ್ತಾ ಕೂತರು. "ಆ ಒಂದು ಕಾಯಿ ಈಗ ನಡೆಸ್ಕೊಳ್ಲಾ?" ಅಂತ ಕೇಳಿದರು. ಮೂವತ್ತೈದು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ನನಗೆ ಅರ್ಥವಾಗಬೇಕಿದ್ದ ಕ್ಷಣ ಅದು. ನಾನು ಏನಂದೆ ಗೊತ್ತಾ? "ಕೈ ಬಿಟ್ಟ ಮೇಲೆ ಮುಗೀತು ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು?"

ಅವರು ಕಲಿಸಿದ ನಿಯಮವನ್ನು ಅವರಿಗೂ ಸಡಿಲ ಮಾಡದೆ ಇರುವುದೇ ಗೌರವ ಅಂದುಕೊಂಡಿದ್ದೆ. ಸಡಿಲ ಮಾಡಿದರೆ ವಯಸ್ಸಾದವರು ಅಂತ ಕನಿಕರ ತೋರಿಸಿದ ಹಾಗೆ ಅಂತ ಒಳಗೊಳಗೇ ವಾದ ಮಾಡಿಕೊಂಡೆ. ಅದು ಗೌರವ ಆಗಿರಲಿಲ್ಲ. ಗೆಲ್ಲುವ ಆಸೆ. ಗೌರವ ಇದ್ದಿದ್ದರೆ ಅವರ ಬೆರಳು ಹಾದುಹೋದಾಗಲೇ ಬಾಯಿ ಬಿಡುತ್ತಿದ್ದೆ. ತಪ್ಪನ್ನು ತಡೆಯುವ ಹೊತ್ತಿನಲ್ಲಿ ಸುಮ್ಮನಿದ್ದು, ತಪ್ಪಾದ ಮೇಲೆ ನಿಯಮದ ಮಾತೆತ್ತಿದೆ. ಕೆಟ್ಟಿದ್ದು ಅಲ್ಲೇ. ಮುಂದಿನ ಕೆಲವೇ ಸರದಿಗಳಲ್ಲಿ ಅವರ ಟ್ಯಾಂಕುಗಳನ್ನು ಸುತ್ತುವರಿದು ಮುಗಿಸಿದೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ತಾರೀಕು ಹಾಕಿ, ಗೆದ್ದವರು ಅಂತ ನನ್ನ ಹೆಸರು ಬರೆದೆ. ಮೇಷ್ಟ್ರು "ಸರಿ ಕಣಪ್ಪ" ಅಂದು, ಕಾಫಿ ಕುಡಿದು ಹೋದರು.

ಮುಂದಿನ ಭಾನುವಾರ ಮೊಣಕಾಲು ನೋವು ಅಂದರು. ಅದರ ಮುಂದಿನ ವಾರ ನೆಂಟರು. ಆಮೇಲೆ ಫೋನೂ ಇಲ್ಲ. ನಾನೂ ಮಾಡಲಿಲ್ಲ. ವಯಸ್ಸಾಯ್ತಲ್ಲ, ಆಸಕ್ತಿ ಹೋಗಿರಬೇಕು ಅಂದುಕೊಂಡೆ. ನೀವೂ ಹೆಚ್ಚುಕಡಿಮೆ ಹೀಗೇ ಅಂದುಕೊಂಡಿರಬೇಕು.

ಆ ಹೊತ್ತಿನಲ್ಲಿ ನಾನು ಮಾಡಿದ್ದು ನೀವು ಈಗ ಮಾಡಲು ಹೊರಟಿರುವುದನ್ನೇ. ಕಂಪ್ಯೂಟರಿಗೆ ಹೋದೆ. 1994ರ 'ಪಾಂಜರ್ ಜನರಲ್' ನನ್ನ ಮಗನಿಂದ ಹಳೇ ಪರಿಚಯ, ಅದನ್ನು ಮತ್ತೆ ಆಡಿದೆ. 'ಯೂನಿಟಿ ಆಫ್ ಕಮಾಂಡ್' ಆಡಿದೆ. ಅದು ನಿಜಕ್ಕೂ ಒಳ್ಳೆಯ ಆಟ, ಸಪ್ಲೈ ಕಡಿದರೆ ಸೇನೆ ಹೇಗೆ ಸೊರಗುತ್ತದೆ ಅನ್ನೋದನ್ನು ಚೆನ್ನಾಗಿ ತೋರಿಸುತ್ತದೆ. ಲೆಕ್ಕ ಎಲ್ಲ ಅದೇ ಮಾಡಿಕೊಳ್ಳುತ್ತದೆ, ತಪ್ಪು ನಡೆ ಇಡಲು ಬಿಡೋದಿಲ್ಲ. ಆದರೂ ರಾತ್ರಿ ಮಲಗುವಾಗ ಯಾವ ನಡೆಯೂ ತಲೆಯಲ್ಲಿ ಉಳಿಯುತ್ತಿರಲಿಲ್ಲ. ಲೆಕ್ಕ ನಾನು ಮಾಡಿರಲಿಲ್ಲವಲ್ಲ. ನಡೆಯ ಬಗ್ಗೆ ಜಗಳ ಆಡಲು ಎದುರಿಗೆ ಒಂದು ಮುಖವೂ ಇರಲಿಲ್ಲ.

ಹದಿಮೂರು ತಿಂಗಳಾದ ಮೇಲೆ ದೇವರಾಜ ಮಾರುಕಟ್ಟೆಯಲ್ಲಿ ಮೇಷ್ಟ್ರ ಮಗಳು ಸಿಕ್ಕಳು. "ಅಂಕಲ್, ಅಪ್ಪ ರಾತ್ರಿ ಎಲ್ಲ ನಿಮ್ಮ ಆಟದ ಪುಸ್ತಕ ಓದ್ತಾರೆ. ಪೆನ್ಸಿಲ್ಲಿನಲ್ಲಿ ಗೆರೆ ಎಳೀತಾರೆ. ಬೆಳಗ್ಗೆ ನೆನಪಿರಲ್ಲ ಅಂತ ಬೇಜಾರು ಮಾಡ್ಕೊತಾರೆ" ಅಂದಳು. ತರಕಾರಿ ಚೀಲ ಹಿಡಿದುಕೊಂಡೇ ಅವರ ಮನೆಗೆ ಹೋದೆ. ಮೇಷ್ಟ್ರು ಕೇಳಿದ್ದು ಒಂದೇ ಮಾತು. "ಅವತ್ತು ನಿನಗೆ ಗೊತ್ತಿತ್ತಲ್ವಾ?" ಗೊತ್ತಿತ್ತು ಅಂದೆ. "ಹೇಳಬಹುದಿತ್ತು" ಅಂದರು. ಹೇಳಬೇಕಿತ್ತು ಅಂದೆ. ಅಷ್ಟೇ ಮಾತು.

ಅದು 2020ರ ಮಾರ್ಚ್ ಮೊದಲ ವಾರ. ಆ ತಿಂಗಳು ಮುಗಿಯುವ ಮೊದಲೇ ಲಾಕ್‌ಡೌನ್. ಹದಿಮೂರು ತಿಂಗಳು ಎದುರುಬದುರು ಕೂತು ಆಡಬಹುದಾಗಿದ್ದನ್ನು ನಾನು ಕಳೆದಿದ್ದೆ, ಈಗ ಇನ್ನೂ ಎಷ್ಟು ತಿಂಗಳೋ ತಿಳಿಯದು. ಆಗ ಮೇಷ್ಟ್ರು ಆ ಡ್ರಾಯಿಂಗ್ ಶೀಟಿನ ನಕ್ಷೆ ಹೊರಗೆ ತೆಗೆದರು. ಫೋನಿನಲ್ಲಿ ನಡೆ ಹೇಳುತ್ತಾ ಆಡಿದೆವು. ದಾಳ ಅವರ ಮನೆಯಲ್ಲಿ, ನಂಬಿಕೆ ನನ್ನ ಮನೆಯಲ್ಲಿ.

ಆವತ್ತಿನಿಂದ ನಮ್ಮದು ಎರಡೇ ಹೊಸ ನಿಯಮ. ದಾಳ ಬೀಳುವ ತನಕ ಯಾವ ನಡೆಯನ್ನಾದರೂ ಬದಲಿಸಬಹುದು. ಎದುರಾಳಿಯ ಮರೆವು ಕಣ್ಣಿಗೆ ಬಿದ್ದರೆ ಹೇಳಲೇಬೇಕು. ಇದರಿಂದ ಆಟ ಸಪ್ಪೆಯಾಗಲಿಲ್ಲ, ಗಟ್ಟಿಯಾಯಿತು. ಮರೆವಿನಿಂದ ಸಿಗುವ ಗೆಲುವು ಹೋಯಿತು, ಯೋಚನೆಯಿಂದ ಸಿಗುವ ಗೆಲುವು ಮಾತ್ರ ಉಳಿಯಿತು. ನಿಯಮ ಸಡಿಲ ಮಾಡೋದೇನೂ ನಾವು ಹುಟ್ಟಿಸಿದ್ದಲ್ಲ. 1824ರಲ್ಲಿ ಪ್ರಷ್ಯಾ ಅನ್ನೋ ಹಳೆಯ ಜರ್ಮನ್ ರಾಜ್ಯದ ರೈಸ್‌ವಿಟ್ಜ್ ಅನ್ನೋ ಸೇನಾಧಿಕಾರಿ ದಾಳ, ಕೋಷ್ಟಕ ಎಲ್ಲ ಇಟ್ಟು 'ಕ್ರೀಗ್ಸ್‌ಪೀಲ್' ಅನ್ನೋ ಆಟ ಮಾಡಿದ. ಬರ್ತಾ ಬರ್ತಾ ಅದರ ನಿಯಮಗಳೇ ಭಾರವಾದವು. 1876ರಲ್ಲಿ ವೆರ್ಡಿ ದು ವೆರ್ನುವಾ ಅನ್ನೋ ಇನ್ನೊಬ್ಬ ಪ್ರಷ್ಯನ್ ಅಧಿಕಾರಿ ಆ ಕೋಷ್ಟಕಗಳನ್ನು ಬದಿಗಿಡಿ, ಅನುಭವಸ್ಥ ತೀರ್ಪುಗಾರ ಹೇಳಿದ ಹಾಗೆ ನಡೆಯಲಿ ಅಂದ. ಸೇನೆಯವರೇ ನಿಯಮ ಸಡಿಲ ಮಾಡಿಕೊಂಡು ಆಡಿದ್ದಾರೆ, ನಾವು ಮಾಡಿಕೊಂಡರೆ ತಪ್ಪೇನು? ಮಕ್ಕಳಾಟ ಅನ್ನುವವರಿಗೂ ಇದನ್ನೇ ಹೇಳಿ. ನಮ್ಮ ಆಡು ಹುಲಿ ಆಟದಲ್ಲಿ ಮೂರು ಹುಲಿಯನ್ನು ಹದಿನೈದು ಆಡುಗಳಿಂದ ಕಟ್ಟಿಹಾಕುತ್ತಿದ್ದವರು ಜಗಲಿಯ ಮೇಲೆ ಕೂತ ಅಜ್ಜಂದಿರೇ ಅಲ್ವಾ?

ಕಣ್ಣಿನ ವಿಷಯಕ್ಕೆ ಬಂದರೆ, ಫ್ಲೆಕ್ಸ್ ಅಂಗಡಿಗೆ ಹೋಗಿ. ನಿಮ್ಮ ನಕ್ಷೆಯನ್ನು ಒಂದೂವರೆ ಪಟ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಕಾಯಿಗಳನ್ನೂ ಅದೇ ಅಳತೆಯಲ್ಲಿ ಪ್ರಿಂಟ್ ಮಾಡಿಸಿ ಸನ್‌ಬೋರ್ಡಿಗೆ (ದಪ್ಪ ಪ್ಲಾಸ್ಟಿಕ್ ಹಾಳೆಗೆ) ಅಂಟಿಸಿ ಕತ್ತರಿಸಿ. ಮನೆಯಲ್ಲಿ ಆಡಲು ಅಷ್ಟು ಸಾಕು. ರಟ್ಟಿಗಿಂತ ಸ್ವಲ್ಪ ತೂಕ ಬರುವುದರಿಂದ ಫ್ಯಾನ್ ಹಾಕಿದರೂ ಕಾಯಿ ಸುಲಭಕ್ಕೆ ಹಾರೋದಿಲ್ಲ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಬೆವರು ಸುರಿಸಿಕೊಂಡು ಆಡಿದ ನಮ್ಮಂಥವರಿಗೆ ಇದು ಸಣ್ಣ ಸುಖ ಅಲ್ಲ. ಕಂಪ್ಯೂಟರ್ ಬೇಕೇ ಬೇಕು ಅಂದರೆ 'ವಸ್ಸಲ್' ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಅದೇ ಹಳೆಯ ಬೋರ್ಡ್ ಆಟಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಇನ್ನೊಬ್ಬ ಮನುಷ್ಯನ ಜೊತೆ ಆಡಬಹುದು.

ನೆನಪಿಗೆ ಒಂದು ಪೋಸ್ಟ್‌ಕಾರ್ಡ್ ಸಾಕು. ಸರದಿಯ ಹೆಜ್ಜೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಇಬ್ಬರ ನಡುವೆ ಇಡಿ. ನಮ್ಮ ಕಾರ್ಡಿನ ಮೊದಲ ಸಾಲು "ಸಪ್ಲೈ ಎಲ್ಲಿದೆ?" ಹೊಸ ಸುಲಭದ ಆಟ ಮಾತ್ರ ಬೇಡ. ಇಪ್ಪತ್ತೈದರಲ್ಲಿ ಕಲಿತ ಕಷ್ಟದ ಆಟವೇ ಅರವತ್ತರಲ್ಲಿ ಸುಲಭ, ಅದು ಕೈಗೆ ಹತ್ತಿರುತ್ತದೆ. ಎಂಟೇ ಪುಟದ ಹೊಸ ನಿಯಮ ತಲೆಗೆ ಇಳಿಯಬೇಕಾದರೆ ಅದರ ಎರಡರಷ್ಟು ಸುಸ್ತು.

ನಿಮ್ಮ ಜೊತೆಗಾರರು ಕೊನೆಯ ಸಲ ಬಂದ ದಿನ ಏನು ನಡೀತು, ಒಂದು ಸಲ ನೆನಪು ಮಾಡಿಕೊಳ್ಳಿ. ಫೋನ್ ಬೇಡ, ಫೋನಿನಲ್ಲಿ ಮೊಣಕಾಲು ನೋವು ಅನ್ನೋದು ಸುಲಭ. ಡಬ್ಬ ಚೀಲದಲ್ಲಿ ಹಾಕಿಕೊಂಡು ಮನೆಗೇ ಹೋಗಿ.

ಮೇಷ್ಟ್ರಿಗೆ ಈಗ 78. ಈ ಭಾನುವಾರ ಅವರ ಮನೆಯ ಊಟದ ಮೇಜಿನ ಮೇಲೆ ಆಟ ಅರ್ಧಕ್ಕೆ ನಿಂತಿದೆ, ಮೇಲೆ ಅವರ ಮಗಳು ಹಳೇ ಪಂಚೆ ಹೊದಿಸಿಟ್ಟಿದ್ದಾಳೆ. ಅವರದ್ದು ಬ್ರಿಟಿಷರ ಕಡೆ. 11ನೇ ಬ್ರಿಗೇಡ್ ಈ ಸಲವೂ ಟೊಬ್ರುಕ್‌ನ ಹೊರಗೇ ಇದೆ.