ಚಿತ್ರ ಪುಕ್ಕಟೆ, ಹೆಸರು ಕಡ್ಡಾಯ

ಪ್ರಶ್ನೆ: ನಮ್ಮೂರ ಪ್ರೌಢಶಾಲೆಗೆ 50 ವರ್ಷ ತುಂಬಿತು ಅಂತ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಜೋಗ, ಇಕ್ಕೇರಿ, ಕೆಳದಿಯ ಫೋಟೊಗಳನ್ನು ವಿಕಿಪೀಡಿಯದಿಂದ ಇಳಿಸಿಕೊಂಡಿದ್ದೇವೆ. ಕೊನೆಯ ಪುಟದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಅಂತ ಹಾಕಿದರೆ ಸಾಕಲ್ವಾ? ಊರಿನ ಅಂಗಡಿಯವರ ಜಾಹೀರಾತುಗಳೂ ಇವೆ.
– ಶಿಕ್ಷಕಿ, ಸಾಗರ ತಾಲ್ಲೂಕು

ಉತ್ತರ: ಸಾಲದು ಮೇಡಂ. ಅಂತರ್ಜಾಲ ಫೋಟೊ ತೆಗೆಯುವುದಿಲ್ಲ. ಮಳೆಗಾಲದಲ್ಲಿ ಜೋಗದ ಎದುರು ಕ್ಯಾಮೆರಾಕ್ಕೆ ಕೊಡೆ ಹಿಡಿದು, ಮಂಜು ಸರಿಯುವವರೆಗೆ ಕಾದು ಕ್ಲಿಕ್ ಮಾಡಿದವರು ಯಾರೋ ಇದ್ದಾರೆ. ಅವರು ದುಡ್ಡು ಕೇಳಿಲ್ಲ, ಹೆಸರು ಹಾಕಿ ಅಂದಿದ್ದಾರೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ಮರ್ಯಾದೆಯ ಮಾತು ಅಂದುಕೊಳ್ಳುತ್ತಾರೆ, ಪತ್ರಿಕೆಯವರೂ ಸೇರಿ. ಆದರೆ ಇದು ಷರತ್ತು. ಹೆಸರು ಹಾಕದಿದ್ದರೆ ನಿಮಗೆ ಸಿಕ್ಕ ಅನುಮತಿಯೇ ಬಿದ್ದುಹೋಗುತ್ತದೆ.

ವಿಕಿಪೀಡಿಯದಲ್ಲಿ ಫೋಟೊ ಮೇಲೆ ಒತ್ತಿದರೆ ಅದರ ವಿವರ ಸಿಗುತ್ತದೆ. ತೆಗೆದವರು ಯಾರು, ಲೈಸೆನ್ಸ್ ಯಾವುದು ಎರಡೂ ಅಲ್ಲಿರುತ್ತವೆ. ಜಾಸ್ತಿ ಕಾಣುವುದು ಕ್ರಿಯೇಟಿವ್ ಕಾಮನ್ಸ್, ಅಂದರೆ ಸಿಸಿ ಲೈಸೆನ್ಸ್. ಇಂಥಿಂಥ ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದು ಅಂತ ಫೋಟೊ ತೆಗೆದವರು ಮೊದಲೇ ಕೊಟ್ಟಿರುವ ಅನುಮತಿ ಇದು. ಇವು 2002ರಿಂದ ಇವೆ, ಈಗಿನ 4.0 ಆವೃತ್ತಿ ಬಂದಿದ್ದು 2013ರಲ್ಲಿ. ‘ಬೈ’ ಅಂತ ಇದ್ದರೆ ಹೆಸರು ಹಾಕಿ. ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ‘ಎನ್‌ಡಿ’ ಇದ್ದರೆ ಬದಲಾಯಿಸಿ ಹಂಚುವ ಹಾಗಿಲ್ಲ, ಇದ್ದ ಹಾಗೇ ಬಳಸಿ. ‘ಎಸ್‌ಎ’ ಕಂಡ ಕೂಡಲೇ ಕೆಲವರು, ಅಯ್ಯೋ ಇಡೀ ಪುಸ್ತಕವನ್ನೇ ಎಲ್ಲರಿಗೂ ಬಿಟ್ಟುಕೊಡಬೇಕಾ ಅಂತ ಗಾಬರಿಯಾಗುತ್ತಾರೆ. ಹಾಗೇನಿಲ್ಲ. ಆ ಫೋಟೊವನ್ನೇ ತಿದ್ದಿ, ಬೇರೆ ಚಿತ್ರದ ಜೊತೆ ಬೆರೆಸಿ ಹೊಸದೊಂದು ಮಾಡಿದರೆ ಆ ಹೊಸ ಚಿತ್ರಕ್ಕೆ ಅದೇ ಲೈಸೆನ್ಸ್ ಹಾಕಬೇಕು, ಅಷ್ಟೆ. ಪಕ್ಕದ ಲೇಖನಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಿಮ್ಮ ಜಾಹೀರಾತುಗಳ ಚಿಂತೆ ಬೇಡ. ವಿಕಿಪೀಡಿಯದ ಹೆಚ್ಚಿನ ಫೋಟೊಗಳು ಬರುವುದು ವಿಕಿಮೀಡಿಯ ಕಾಮನ್ಸ್ ಅನ್ನುವ ಚಿತ್ರಭಂಡಾರದಿಂದ. ಅಲ್ಲಿ ಎನ್‌ಸಿ, ಎನ್‌ಡಿ ಷರತ್ತು ಮಾತ್ರ ಇರುವ ಚಿತ್ರಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಫೋಟೊ ಹಂಚುವ ತಾಣ ಫ್ಲಿಕರ್‌ನಿಂದ ತಗೊಂಡಿದ್ದರೆ ಮಾತ್ರ ಒಂದೊಂದನ್ನೂ ನೋಡಿ. ಇನ್ನೊಂದು ವಿಷಯ, ವಿಕಿಪೀಡಿಯದಲ್ಲಿ ಕಂಡಿದ್ದೆಲ್ಲ ಮುಕ್ತ ಅಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿರುವ ಎಷ್ಟೋ ಸಿನಿಮಾ ಪೋಸ್ಟರ್‌ಗಳ ಹಕ್ಕು ನಿರ್ಮಾಪಕರದ್ದೇ. ಆ ಪುಟಕ್ಕೆ ಸಿಕ್ಕ ವಿನಾಯಿತಿ ನಿಮ್ಮ ಸಂಚಿಕೆಗೆ ಬರುವುದಿಲ್ಲ.

ಇನ್ನು ಬರೆಯುವುದು ಹೇಗೆ? ‘ಜೋಗ ಜಲಪಾತ. ಫೋಟೊ: ಇಂಥವರು, ವಿಕಿಮೀಡಿಯ ಕಾಮನ್ಸ್, ಸಿಸಿ ಬೈ-ಎಸ್‌ಎ 4.0. ಅಂಚು ಕತ್ತರಿಸಿದೆ.’ ಕತ್ತರಿಸಿದ್ದು, ಬಣ್ಣ ಬದಲಿಸಿದ್ದು ಹೇಳಲೇಬೇಕು. ಅಚ್ಚಿನಲ್ಲಿ ಲಿಂಕ್ ಒತ್ತಲಾಗುವುದಿಲ್ಲವಾದ್ದರಿಂದ ಫೋಟೊ ಪುಟದ ವಿಳಾಸ, ಲೈಸೆನ್ಸ್ ವಿಳಾಸ ಎರಡನ್ನೂ ಅಚ್ಚು ಹಾಕಿ. ಎಲ್ಲ ವಿವರ ಕೊನೆಯ ಪುಟದಲ್ಲಿ ಕೊಟ್ಟರೂ ನಡೆಯುತ್ತದೆ, ಯಾವ ಫೋಟೊ ಯಾರದ್ದು ಅಂತ ಗೊತ್ತಾಗಬೇಕು. ಕೆಲವರು ಸ್ವಂತ ಹೆಸರಿನ ಬದಲು ವಿಚಿತ್ರವಾದ ಅಡ್ಡಹೆಸರು ಇಟ್ಟುಕೊಂಡಿರುತ್ತಾರೆ. ಸಂಚಿಕೆಯ ಘನತೆಗೆ ಸರಿ ಕಾಣಲ್ಲ ಅನ್ನಿಸಿದರೂ ಅದನ್ನೇ ಹಾಕಿ.

ಪ್ರಶ್ನೆ: ನಾನು ತೆಗೆದ ಯಕ್ಷಗಾನದ ಫೋಟೊವನ್ನು ಸಿಸಿ ಬೈ-ಎಸ್‌ಎ 4.0 ಅಡಿ ಹಂಚಿದ್ದೆ. ಒಂದು ಕ್ಯಾಲೆಂಡರ್‌ನವರು ಹೆಸರಿಲ್ಲದೆ ಅಚ್ಚು ಹಾಕಿ ಮಾರುತ್ತಿದ್ದಾರೆ. ಸಿಟ್ಟು ಬಂದಿದೆ. ಲೈಸೆನ್ಸ್ ವಾಪಸ್ ಪಡೆಯಬಹುದಾ?
– ಹವ್ಯಾಸಿ ಛಾಯಾಗ್ರಾಹಕ, ಕುಂದಾಪುರ

ಉತ್ತರ: ಆಗುವುದಿಲ್ಲ. ಒಮ್ಮೆ ಕೊಟ್ಟರೆ ಕೊಟ್ಟಂತೆಯೇ. ಮಾರಿದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡಿ, ಮಾರಬಹುದು ಅಂತ ನೀವೇ ಹೇಳಿದ್ದೀರಿ. ಹೆಸರಿನ ವಿಷಯದಲ್ಲಿ ನ್ಯಾಯ ನಿಮ್ಮ ಕಡೆ ಇದೆ. ಫೋಟೊ ಪುಟದ ಲಿಂಕ್, ಕ್ಯಾಲೆಂಡರ್ ಹಾಳೆಯ ಚಿತ್ರ, ನಿಮ್ಮ ಹೆಸರು ಹೇಗೆ ಬರಬೇಕು ಅನ್ನುವ ಸಾಲು, ಈ ಮೂರನ್ನೂ ಕ್ಯಾಲೆಂಡರ್‌ನವರಿಗೆ ಕಳಿಸಿ. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ 4.0ರಲ್ಲಿ ಅವರ ಅನುಮತಿ ತಾನಾಗಿಯೇ ಮರಳುತ್ತದೆ. ಹಳೆಯ ಆವೃತ್ತಿಗಳಲ್ಲಿ ಈ ಅವಕಾಶ ಇರಲಿಲ್ಲ. ಸರಿಪಡಿಸಿದ ಮಾತ್ರಕ್ಕೆ ಅಲ್ಲಿಯವರೆಗಿನ ತಪ್ಪು ಮಾಫಿ ಆಗಲ್ಲ, ಆ ಬಗ್ಗೆ ಕೇಳುವ ಹಕ್ಕು ನಿಮಗೆ ಉಳಿಯುತ್ತದೆ. ಆದರೂ ಮೊದಲ ಪತ್ರದಲ್ಲೇ ವಕೀಲರು, ಲಕ್ಷ ರೂಪಾಯಿ ಅಂತ ಶುರು ಮಾಡಬೇಡಿ. ಬೇಕಂತಲೇ ಚಿತ್ರ ಹರವಿಟ್ಟು, ಹೆಸರು ತಪ್ಪಿದವರಿಂದ ದುಡ್ಡು ಕೀಳುವವರು ಇದ್ದಾರೆ. ಮೊದಲ ಗುರಿ ತಪ್ಪನ್ನು ಸರಿಪಡಿಸುವುದಾಗಿರಬೇಕು ಅಂತ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಹೇಳಿದೆ.

ಪ್ರಶ್ನೆ: ನಮ್ಮ ಗಾಣದ ಎಣ್ಣೆಯ ಜಾಹೀರಾತಿಗೆ, ಸಂತೆಯಲ್ಲಿ ನಗುತ್ತಿರುವ ಅಜ್ಜಿಯ ಫೋಟೊ ಸಿಕ್ಕಿದೆ. ಸಿಸಿ ಬೈ ಇದೆ, ಹೆಸರೂ ಹಾಕುತ್ತೇವೆ. ತೊಂದರೆ ಇಲ್ಲ ತಾನೇ?
– ಓದುಗ, ತಿಪಟೂರು

ಉತ್ತರ: ಇದೆ. ಲೈಸೆನ್ಸ್ ಕೊಟ್ಟಿದ್ದು ಫೋಟೊ ತೆಗೆದವರು, ಅಜ್ಜಿ ಕೊಟ್ಟಿಲ್ಲವಲ್ಲ. 2007ರಲ್ಲಿ ವರ್ಜಿನ್ ಮೊಬೈಲ್ ಆಸ್ಟ್ರೇಲಿಯಾ ಹೀಗೆಯೇ ಫ್ಲಿಕರ್‌ನಲ್ಲಿದ್ದ ಸಿಸಿ ಬೈ ಫೋಟೊವೊಂದನ್ನು ಜಾಹೀರಾತಿಗೆ ಹಾಕಿತು. ಅದರಲ್ಲಿದ್ದ ಅಮೆರಿಕದ ಹುಡುಗಿಯ ಮನೆಯವರು ಟೆಕ್ಸಾಸ್‌ನಲ್ಲಿ ಕೇಸು ಹಾಕಿದರು. 2009ರಲ್ಲಿ ಕೇಸು ಬಿದ್ದುಹೋಯಿತು, ಅದೂ ಆಸ್ಟ್ರೇಲಿಯಾದ ಕಂಪನಿ ಆ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ ಅನ್ನುವ ಕಾರಣಕ್ಕೆ. ಕಂಪನಿ ಮಾಡಿದ್ದು ಸರಿ ಅಂತ ಕೋರ್ಟು ಹೇಳಲಿಲ್ಲ. ಸಂತೆಯ ಬಗ್ಗೆ ಲೇಖನ ಬರೆದು ಆ ಫೋಟೊ ಹಾಕುವುದೇ ಬೇರೆ, ಅಜ್ಜಿ ನಿಮ್ಮ ಎಣ್ಣೆಯನ್ನೇ ಮೆಚ್ಚಿದಂತೆ ತೋರಿಸುವುದೇ ಬೇರೆ. ಅವರನ್ನು ಹುಡುಕಿ ಕೇಳಲು ಆಗದಿದ್ದರೆ ಸುಮ್ನೆ ನಿಮ್ಮ ಗಾಣದ ಫೋಟೊವನ್ನೇ ಮೊಬೈಲ್‌ನಲ್ಲಿ ತೆಗೆದು ಹಾಕಿ.