ನಮ್ಮ ಸಭೆಯವರೇ ತಪ್ಪು ಮಾತಾಡಿದರೆ ನಾವು ಸುಮ್ನಿರಬೇಕಾ?

ಸಭೆಯವರೊಬ್ಬರು, ಅಂದರೆ ನಮ್ಮ ಚರ್ಚಿನವರೇ ಒಬ್ಬರು, ಬೇರೆಯವರ ದೇವರ ಬಗ್ಗೆ ಹಗುರವಾಗಿ ಬರೆದಿದ್ದಾರೆ, ಉಳಿದ ಕ್ರೈಸ್ತರು ಎಲ್ಲರೆದುರು ಅದನ್ನು ಖಂಡಿಸಬೇಕಾ, ಒಳಗೊಳಗೇ ಮುಗಿಸಬೇಕಾ ಅಂತ ಕೇಳಿದ್ದೀರಿ. ಮೊದಲು ಆ ಮನುಷ್ಯನ ಮನೆಗೆ ಹೋಗಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ.

ನಾನು ಬಾಗಲಕೋಟೆ ಜಿಲ್ಲೆಯವನು, ಗುಳೇದಗುಡ್ಡದ ಕಡೆ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆ ಆಮೇಲೆ ನಮ್ಮ ಕಡೆಗೂ ಬಂತು, ಹಾಗಾಗಿ ನಾವೇನು ನಿನ್ನೆ ಮೊನ್ನೆಯ ಕ್ರೈಸ್ತರಲ್ಲ. ನಮ್ಮ ಮನೆ ಇರುವುದು ನೇಕಾರರ ಓಣಿಯಲ್ಲಿ. ಪಕ್ಕದ ಮನೆಯವರು ಖಣ ನೇಯುವ ದೇವಾಂಗ ಸಮಾಜದವರು, ಅವರಿಗೆ ಬಾದಾಮಿ ಹತ್ತಿರದ ಬನಶಂಕರಿ ಕುಲದೇವತೆ. ಬನದ ಹುಣ್ಣಿಮೆ ಜಾತ್ರೆಗೆ ನಾವೂ ಹೋಗುತ್ತೇವೆ, ನಾಟಕ ನೋಡಲಿಕ್ಕೆ.

ಕೆಲವು ವರ್ಷದ ಹಿಂದೆ ಆ ಜಾತ್ರೆ ಹೊತ್ತಲ್ಲೇ ನಮ್ಮ ಸಭೆಯ ಹುಡುಗನೊಬ್ಬ ವಾಟ್ಸಾಪ್ ಸ್ಟೇಟಸ್‌ಗೆ ಒಂದು ಮಾತು ಹಾಕಿದ. ಅದನ್ನ ಇಲ್ಲಿ ಮತ್ತೆ ಬರೆಯಲ್ಲ. ಸಂಜೆಯೊಳಗೆ ಓಣಿ ತುಂಬಾ ಸ್ಕ್ರೀನ್‌ಶಾಟ್. ಪಕ್ಕದ ಮನೆ ಕಾಕಾ ಜಗಳಕ್ಕೆ ಬರಲಿಲ್ಲ. ‘ನಿಮ್ಮ ಮನ್ಯಾಗೂ ನಮ್ಮ ಬಗ್ಗೆ ಹಿಂಗ ಮಾತಾಡ್ತೀರೇನು?’ ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಸಭೆಯ ಹಿರಿಯರು ಬೈಬಲ್‌ನ ಮತ್ತಾಯ 18:15 ತೆಗೆದರು. ಸಹೋದರ ತಪ್ಪು ಮಾಡಿದರೆ ಇಬ್ಬರೇ ಇರುವಾಗ ಅವನಿಗೆ ಹೇಳು ಅನ್ನೋ ವಚನ. ಅದಕ್ಕೇ ಹೊರಗೆ ಯಾರೂ ಬಾಯಿ ಬಿಡಬೇಡಿ ಅಂದರು. ಮುಂದಿನ ಎರಡು ವಚನ ಯಾರೂ ಓದಲಿಲ್ಲ ನೋಡಿ: ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಅಂತಿದೆ. ಅಪೊಸ್ತಲ ಪೌಲ ಬರೆದ ಗಲಾತ್ಯ ಪತ್ರದ 2ನೇ ಅಧ್ಯಾಯ ಇನ್ನೂ ಖಡಕ್ಕಾಗಿದೆ. ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಜೊತೆ ಊಟಕ್ಕೆ ಕೂರುತ್ತಿದ್ದ ಯೇಸುವಿನ ಶಿಷ್ಯ ಪೇತ್ರ, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದ ಮೇಲೆ ಹೆದರಿ ದೂರ ಸರಿದ, ಪೌಲ ಅವನನ್ನು ಎಲ್ಲರ ಮುಂದೆಯೇ ಕೇಳಿದ. ಅವನು ದೂರ ಸರಿದದ್ದನ್ನು ಎಲ್ಲರೂ ಕಂಡಿದ್ದರು, ನೋವಾಗಿದ್ದು ಜೊತೆಗೆ ಕೂತು ಉಂಡವರಿಗೆ. ಗುಟ್ಟಾಗಿ ತಿದ್ದಿದ್ದರೆ ಅವರಿಗೆ ಗೊತ್ತಾಗೋದು ಹೇಗೆ?

ನಾವು ಇಬ್ಬರು ಆ ಹುಡುಗನ ಮನೆಗೆ ಹೋದೆವು. ಯಾವುದೋ ವಿಡಿಯೋದ ಮಾತನ್ನು ಸುಮ್ನೆ ಎತ್ತಿ ಹಾಕಿದ್ದನಂತೆ. ಸ್ಟೇಟಸ್ ತೆಗೆದ. ಅದು ಸಾಲದು ಅಂತ ಮರುದಿನ ಅವನನ್ನ ಕಾಕಾನ ಮನೆಗೇ ಕರೆದುಕೊಂಡು ಹೋದೆವು, ತಪ್ಪಾಯ್ತು ಅಂತ ಅವನ ಬಾಯಿಂದಲೇ ಬರಲಿ ಅಂತ. ಅದೇ ಸ್ಟೇಟಸ್‌ನಲ್ಲಿ ಎರಡು ಸಾಲು ಕ್ಷಮೆಯನ್ನೂ ಹಾಕಿದ, ಯಾಕೆಂದರೆ ಮೊದಲಿನದನ್ನು ನೋಡಿದವರು ಅಲ್ಲೇ ಇದ್ದರು.

‘ಅವನು ನಿಜವಾದ ಕ್ರೈಸ್ತನೇ ಅಲ್ಲ’ ಅಂತ ಮಾತ್ರ ಕೈ ತೊಳೆದುಕೊಳ್ಳಬೇಡಿ. ಹೋದ ಭಾನುವಾರ ನಮ್ಮ ಪಕ್ಕದ ಬೆಂಚಲ್ಲೇ ಕೂತಿದ್ದ, ಅಲ್ವಾ? ಹಾಗೇ ಫೇಸ್‌ಬುಕ್‌ನಲ್ಲಿ ಅವನ ಹೆಸರು ಹಾಕಿ ಉದ್ದುದ್ದ ಬರೆಯೋದೂ ಬೇಡ. ಅದು ಜಾಸ್ತಿ ನಮ್ಮ ಒಳ್ಳೆತನ ತೋರಿಸೋಕೆ.

ಅಂದಹಾಗೆ ಹಿರಿಯರಲ್ಲಿ ಒಬ್ಬರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಮನೆ ಮಾತನ್ನು ಓಣಿಗೆ ಒಯ್ದೆ ಅಂತ ಅವರ ಸಿಟ್ಟು. ಓಣಿಗೆ ಅದು ಮೊದಲೇ ಹೋಗಿತ್ತು ಅಂದರೆ ಕೇಳುವುದಿಲ್ಲ.