ಪರದೇಶಿಯ ಪಾಠ ನಾನು ಕಲಿತದ್ದು ಬಳ್ಳಾರಿಯಲ್ಲಿ

ತಮ್ಮಾ,

ಕೊಪ್ಪಳದಿಂದ ನೀನು ಬರೆದ ಪತ್ರ ತಲುಪಿತು. ಅಕ್ಟೋಬರ್‌ನಲ್ಲಿ ಜರ್ಮನಿಯ ಡ್ಯೂಸ್‌ಬುರ್ಗ್‌ಗೆ ಬಂದು ನಮ್ಮ ಕಂಪನಿಗೇ ಸೇರುವವನು ನೀನು. ಬರುವ ಮೊದಲು ಮೂರು ವಿಷಯ ತಿಳಿಸು ಎಂದಿದ್ದೀಯ: ಅಲ್ಲಿಯ ಜನ ನಮ್ಮನ್ನು ಹೇಗೆ ಕಾಣುತ್ತಾರೆ, ಅರೆಬರೆ ಭಾಷೆಯಲ್ಲಿ ದಿನ ಸಾಗುತ್ತದೆಯೇ, ಒಬ್ಬನೇ ಇರಲು ಆಗುತ್ತದೆಯೇ. ನಾನು ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಆದರೂ ಉತ್ತರ ಬರೆಯಲು ಕುಳಿತಾಗ ನೆನಪಿಗೆ ಬಂದದ್ದು ಇಲ್ಲಿಯ ಮೊದಲ ವರ್ಷವಲ್ಲ, ಮೂರು ವರ್ಷದ ಹಿಂದೆ ನಮ್ಮ ಬಳ್ಳಾರಿಯಲ್ಲಿ ಕಳೆದ ಏಳು ವಾರ. ಆಗ ಪರದೇಶಿಯಾಗಿದ್ದವನು ನಾನಲ್ಲ, ನನ್ನ ಜೊತೆ ಕೆಲಸಕ್ಕೆಂದು ಬಂದಿದ್ದ ಜರ್ಮನ್ ಸಹೋದ್ಯೋಗಿ.

ಪರದೇಶಿ ಎಂಬ ಮಾತನ್ನು ಬೇಕೆಂದೇ ಬರೆದೆ. ನಮ್ಮ ಕಡೆ ಆ ಮಾತಿಗೆ ಬೇರೆ ದೇಶದವನು ಎನ್ನುವುದಕ್ಕಿಂತ ದಿಕ್ಕುದೆಸೆ ಇಲ್ಲದವನು ಎಂಬ ಅರ್ಥವೇ ಹೆಚ್ಚು. ಎರಡೂ ಅರ್ಥ ಒಂದೇ ಮಾತಿನಲ್ಲಿ ಯಾಕೆ ಕೂತಿವೆ ಎಂಬುದು ಆ ಏಳು ವಾರದಲ್ಲಿ ನನಗೆ ತಿಳಿಯಿತು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರೋಲಿಂಗ್ ಮಿಲ್‌ನ ಒಂದು ಭಾಗ ಬದಲಿಸುವ ಕೆಲಸವಿತ್ತು. ಮಾರ್ಚ್ ನಡುವಿನಿಂದ ಮೇ ಮೊದಲ ವಾರದವರೆಗೆ. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ಹೊರಡುವ ಮೊದಲೇ ಆ ಸಹೋದ್ಯೋಗಿಗೆ ಹೇಳಿದ್ದೆ. ಹಾಸ್ಯವೆಂದು ನಕ್ಕ. ಬೆಂಗಳೂರಿನಿಂದ ರೈಲಿನಲ್ಲೇ ಹೋಗಬೇಕೆಂದು ಹಟ ಹಿಡಿದು ಹಂಪಿ ಎಕ್ಸ್‌ಪ್ರೆಸ್ ಹತ್ತಿದ. ಆರೂಕಾಲು ಅಡಿಯ ಆಳು, ಸೈಡ್ ಬರ್ತು. ರಾತ್ರಿಯಿಡೀ ಓಡಾಡುವವರೆಲ್ಲ ಅವನ ಪಾದ ಮುಟ್ಟಿಕೊಂಡೇ ಹೋದರು. ಬೆಳಿಗ್ಗೆ ಬಳ್ಳಾರಿಯಲ್ಲಿ ಇಳಿದಾಗ, 'ಭಾರತದಲ್ಲಿ ಹಿರಿಯರ ಕಾಲು ಮುಟ್ಟುತ್ತಾರೆಂದು ಓದಿದ್ದೆ, ಇಷ್ಟು ಎಂದು ಗೊತ್ತಿರಲಿಲ್ಲ' ಎಂದ.

ಮೊದಲ ದಿನವೇ ಅವನು ಮಗುವಾದ. ಸಿಮ್ ಕೊಳ್ಳಲು ಹೋದರೆ ಪಾಸ್‌ಪೋರ್ಟ್, ವೀಸಾ, ಫೋಟೊ ಎಲ್ಲ ಕೊಟ್ಟ ಮೇಲೂ ಊರಿನವರೊಬ್ಬರ ಮೊಬೈಲ್‌ಗೆ ಒಟಿಪಿ ಬರಬೇಕು ಎಂದರು. ನನ್ನ ತಂಗಿಯ ನಂಬರು ಕೊಟ್ಟೆವು. ಅಲ್ಲಿಂದ ಮುಂದೆ ಆಟೊ ಆ್ಯಪ್‌ಗೂ ರೈಲು ಟಿಕೆಟ್‌ಗೂ ಅವಳೇ ಆಸರೆ. ನಲವತ್ತೆಂಟು ವರ್ಷದ, ಇಪ್ಪತ್ತು ಜನರ ತಂಡ ನಡೆಸುವ ಎಂಜಿನಿಯರ್ ಒಬ್ಬ ಶಾಲಾ ಶಿಕ್ಷಕಿಗೆ ಫೋನ್ ಮಾಡಿ, 'ಅಕ್ಕಾ, ನಂಬರು ಬಂದಿತೇ' ಎಂದು ಕೇಳಬೇಕು. ಅಕ್ಕ ಎನ್ನುವುದನ್ನು ಅವನು ಕಲಿತದ್ದೇ ಹಾಗೆ. ಅವಳು ಅವನಿಗಿಂತ ಒಂಬತ್ತು ವರ್ಷ ಚಿಕ್ಕವಳು ಎಂಬುದು ಬೇರೆ ಮಾತು.

ಹಣದ್ದು ಇನ್ನೊಂದು ಕಥೆ. ಜರ್ಮನ್ನರು ನಗದಿನ ಜನ, ಇಲ್ಲಿಗೆ ಬಂದ ಮೇಲೆ ನೀನೇ ನೋಡುತ್ತೀಯ. ಕಾರ್ಡ್ ತೆಗೆದುಕೊಳ್ಳದ ಬೇಕರಿಗಳು ಈಗಲೂ ಇವೆ. ಅವನು ಐನೂರರ ನೋಟುಗಳ ಕಟ್ಟು ಹಿಡಿದು ಒಗ್ಗರಣೆ ಮಿರ್ಚಿಯ ಬಂಡಿಯ ಮುಂದೆ ನಿಂತ. ಬಂಡಿಯಲ್ಲಿ ಕ್ಯೂಆರ್ ಫಲಕವಿದೆ, ಚಿಲ್ಲರೆ ಇಲ್ಲ. ಅವನಿಗೆ ಭಾರತದ ಬ್ಯಾಂಕ್ ಖಾತೆ ಇಲ್ಲ. ತಿಂದದ್ದಾಗಿದೆ, ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ಬೇರೆ. ಬಂಡಿಯವನು ಕೈ ಬೀಸಿ, 'ನಾಳೆ ಕೊಡಿ ಸಾರ್' ಎಂದ. ಗುರುತು ಪರಿಚಯವಿಲ್ಲದವನನ್ನು ನಂಬಿ ಕಳಿಸಿದನಲ್ಲ ಎಂದು ನಾನು ಊರಿನ ಬಗ್ಗೆ ಹೆಮ್ಮೆಪಟ್ಟುಕೊಳ್ಳುತ್ತಿದ್ದರೆ ಅವನು, 'ನಮ್ಮಲ್ಲೂ ಇದೆಯಲ್ಲ' ಎಂದ. ನಿಜ. ಇಲ್ಲಿ ರಸ್ತೆ ಬದಿಯ ಹೂವಿನ ಹೊಲಗಳಲ್ಲಿ ಕಾವಲು ಇರುವುದಿಲ್ಲ. ಬೇಕಾದ ಹೂ ಕೊಯ್ದು ಡಬ್ಬಿಯಲ್ಲಿ ಹಣ ಹಾಕಿ ಹೋಗಬೇಕು. ಹದಿಮೂರು ವರ್ಷ ಆ ಹೊಲಗಳ ಪಕ್ಕದಲ್ಲೇ ಓಡಾಡಿದ್ದ ನನಗೆ ಅದು ಹೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅವನು ಸಾಲ ತೀರಿಸಿದ, ಮತ್ತೆ ತಿಂದ, ಮತ್ತೆ ಐನೂರರ ನೋಟು. ಏಳು ವಾರ ಅವನ ಖಾತೆ ಅಲ್ಲಿ ನಡೆಯಿತು.

ಕಾರ್ಖಾನೆಯಲ್ಲಿ ಅವನನ್ನು ಕಾಡಿದ್ದು ಬಿಸಿಲಲ್ಲ, 'ಆಗುತ್ತದೆ' ಎಂಬ ಒಂದು ಮಾತು. ಬೇರಿಂಗ್ ನಾಳೆ ಬರುತ್ತದೆಯೇ? ಆಗುತ್ತದೆ ಸಾರ್. ಶಟ್‌ಡೌನ್ ಎರಡು ದಿನ ಮುಂದೂಡಬಹುದೇ? ಆಗುತ್ತದೆ ಸಾರ್. ತಲೆ ಅತ್ತಿತ್ತ ಆಡುವುದನ್ನು ನೋಡಿ ಅವನು ಇಲ್ಲವೆಂದುಕೊಳ್ಳುತ್ತಿದ್ದ. ಮಾತು ಕೇಳಿ ಹೌದೆಂದುಕೊಳ್ಳುತ್ತಿದ್ದ. ಮರುದಿನ ಎರಡೂ ಅಲ್ಲದ್ದು ನಡೆದಿರುತ್ತಿತ್ತು. ಕೊನೆಗೆ ಜೇಬಿನ ಪುಸ್ತಕದಲ್ಲಿ ಆ ಮಾತಿಗೆ ನಂಬರು ಕೊಡಲು ಶುರು ಮಾಡಿದ. ಒಂದನೆಯದು ನಿಜಕ್ಕೂ ಆಗುವಂಥದ್ದು. ಎರಡನೆಯದು ಆಗುವುದಿಲ್ಲ, ಆದರೆ ನಿಮ್ಮ ಮುಖಕ್ಕೆ ಹೇಳಲಾರೆ. ಮೂರನೆಯದು ಆಗುವುದೋ ಬಿಡುವುದೋ ನನ್ನ ಕೈಯಲ್ಲಿಲ್ಲ, ಮೇಲಿನವರನ್ನು ಕೇಳಿ. ಐದನೆಯ ವಾರಕ್ಕೆ ಮೇಸ್ತ್ರಿಯ ದನಿ ಕೇಳಿಯೇ 'ಎರಡು' ಎಂದು ನನ್ನ ಕಡೆ ಬೆರಳು ತೋರಿಸುತ್ತಿದ್ದ. ನೀನು ಈ ಎರಡು ಮತ್ತು ಮೂರನ್ನು ಊರಲ್ಲೇ ಬಿಟ್ಟು ಬಾ. ಇಲ್ಲಿ ಆಗದ್ದನ್ನು ಆಗುವುದಿಲ್ಲ ಎಂದರೆ ಯಾರೂ ಬೇಸರಿಸುವುದಿಲ್ಲ. ಆಗುತ್ತದೆ ಎಂದು ಹೇಳಿ ಮಾಡದಿದ್ದರೆ ಎರಡು ವರ್ಷ ಮರೆಯುವುದಿಲ್ಲ. ನನಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ. ಹೊಸದರಲ್ಲಿ ಪೆಟ್ಟು ತಿಂದೇ ಕಲಿತೆ.

ಮಧ್ಯಾಹ್ನ ಎದುರಾದವರೆಲ್ಲ 'ಊಟವಾಯಿತೇ' ಎನ್ನುತ್ತಿದ್ದರು. ಮೊದಲ ವಾರ ಇಲ್ಲವೆಂದು ಹೇಳಿ, ಕರೆಯುತ್ತಾರೇನೋ ಎಂದು ಕಾದು ನಿಲ್ಲುತ್ತಿದ್ದ. ಆಮೇಲೆ ಅವನಿಗೇ ಹೊಳೆಯಿತು: ಇದು ನಮ್ಮ 'ಮಾಲ್‌ಟ್ಸೈಟ್'! ಇಲ್ಲಿಯ ಕಾರ್ಖಾನೆಗಳಲ್ಲಿ ಹನ್ನೊಂದರ ಮೇಲೆ ಯಾರೇ ಎದುರಾಗಲಿ ಆ ಮಾತು ಹೇಳುತ್ತಾರೆ. ಹೆಚ್ಚುಕಡಿಮೆ ಊಟದ ಹೊತ್ತು ಎಂದು ಅರ್ಥ. ಊಟಕ್ಕೆ ಕರೆಯಲಿಲ್ಲ, ಮತ್ತೇಕೆ ಹೇಳಿದರು ಎಂದು ನನ್ನ ಹಾಗೆ ತಲೆ ಕೆಡಿಸಿಕೊಳ್ಳಬೇಡ. ನೀನೂ 'ಮಾಲ್‌ಟ್ಸೈಟ್' ಎಂದು ಮುಂದೆ ನಡೆ.

ಒಂದು ಭಾನುವಾರ ಬಳ್ಳಾರಿ ಗುಡ್ಡ ಹತ್ತಿಸಿದೆ. ಒಂದೇ ಬಂಡೆಯಂಥ ಗುಡ್ಡ, ಮೇಲೆ ಕೋಟೆ. ಊರಲ್ಲಿ ಹೇಳುವ ಕಥೆ ನಿನಗೂ ಗೊತ್ತಿರಬಹುದು: ಹೈದರ್ ಅಲಿ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಕೋಟೆ ಕಟ್ಟಿಸಿದನಂತೆ, ಕಟ್ಟಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಂತೆ, ಅಲ್ಲಿಂದ ಕೋಟೆಯ ಒಳಗೆಲ್ಲ ಕಾಣುತ್ತದೆಂದು ಎಂಜಿನಿಯರ್‌ನನ್ನು ಗಲ್ಲಿಗೇರಿಸಿದನಂತೆ. ಕೆಲಸದ ಮೇಲೆ ಬಳ್ಳಾರಿಗೆ ಬಂದ ಯುರೋಪಿನವನ ಗತಿ ಇದು ಎಂದೆ. ಅವನು ಕುಂಬಾರ ಗುಡ್ಡವನ್ನು ಹತ್ತು ನಿಮಿಷ ದಿಟ್ಟಿಸಿ, 'ಜಾಗ ಆರಿಸಿದವರು ಯಾರು, ಗಿರಾಕಿಯೋ ಎಂಜಿನಿಯರೋ? ಒಪ್ಪಂದ ನೋಡಬೇಕು' ಎಂದ.

ಇಳಿದು ಬಂದು ಬಸ್ಸಿನಲ್ಲಿ ಕುಳಿತಾಗ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಯಾವ ದೇಶವೆಂದು ಕೇಳಿದರು. ಜರ್ಮನಿ ಎನ್ನುತ್ತಲೇ ಅವರ ಮುಖ ಅರಳಿತು. 'ಕಿಟ್ಟೆಲ್ ಅವರ ನಾಡಿನವರು!' ಎಂದು ಕೈ ಹಿಡಿದುಕೊಂಡರು. ಇವನಿಗೆ ಕಿಟ್ಟೆಲ್ ಯಾರೆಂದು ಗೊತ್ತಿಲ್ಲ. 1894ರಲ್ಲಿ ನಮ್ಮ ಭಾಷೆಗೆ ಎಪ್ಪತ್ತು ಸಾವಿರ ಪದಗಳ ನಿಘಂಟು ಕೊಟ್ಟವನ ಹೆಸರೂ ಅವನ ನಾಡಿನವನಿಗೆ ತಿಳಿಯದಲ್ಲ ಎಂದು ಮೇಷ್ಟ್ರು ಪೆಚ್ಚಾದರು. ರಾತ್ರಿ ಅವನು ಓದಿಕೊಂಡು ಬಂದು ಬೆಳಿಗ್ಗೆ ನಾಚಿಕೆಯಿಂದ ಹೇಳಿದ: 'ಆತ ಪೂರ್ವ ಫ್ರೀಸ್‌ಲ್ಯಾಂಡಿನವನು. ನಮ್ಮಲ್ಲಿ ದಡ್ಡರ ಹಾಸ್ಯಗಳೆಲ್ಲ ಆ ಕಡೆಯವರ ಮೇಲೆಯೇ.'

ನಮ್ಮ ಮನೆ ಕೌಲ್ ಬಜಾರಿನಲ್ಲಿದೆ. ಅವ್ವ ಅವನಿಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ ಸಲೀಸಾಗಿ ಕನ್ನಡದಲ್ಲಿ ಮಾತಿಗೆ ಕುಳಿತಳು. ಅವನಿಗೆ ತಿಳಿಯುತ್ತಿಲ್ಲ ಎಂದು ಕಂಡ ಕೂಡಲೇ ತೆಲುಗಿಗೆ ತಿರುಗಿದಳು. 'ತಿನು ನಾಯನಾ, ಸಿಗ್ಗು ಪಡಕು.' ತಿನ್ನಪ್ಪಾ, ನಾಚಿಕೊಳ್ಳಬೇಡ ಎಂದು. ಬಳ್ಳಾರಿಯವರ ಲೆಕ್ಕದಲ್ಲಿ ಕನ್ನಡ ಬಾರದವನಿಗೆ ತೆಲುಗು ಬಂದೇ ಬರಬೇಕು. ಮದುವೆ ಏಕೆ ಆಗಿಲ್ಲ, ಸಂಬಳ ಎಷ್ಟು, ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ, ಮೂರನ್ನೂ ಕೇಳಿದಳು. ನಾನು ಮೊದಲೆರಡನ್ನು ಅನುವಾದಿಸದೆ ನುಂಗಿದೆ. ಮೂರನೆಯದಕ್ಕೆ ಅವನು ಬಹಳ ಹೊತ್ತು ಉತ್ತರ ಕೊಟ್ಟ. ಹತ್ತು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದರೂ ಅವನ ತಾಯಿ ವೃದ್ಧಾಶ್ರಮದಲ್ಲಿದ್ದಾರೆ, ಭಾನುವಾರ ಬಿಡದೆ ಹೋಗಿ ಬರುತ್ತಾನೆ ಎಂಬುದು ನನಗೆ ತಿಳಿದದ್ದು ಅಂದೇ.

ನಾಲ್ಕನೆಯ ವಾರ ಅವನು ಮಲಗಿದ. ಮಿರ್ಚಿಯ ಪ್ರಭಾವ ಎಂದು ಎಲ್ಲರೂ ತೀರ್ಮಾನಿಸಿದರು. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಕೆಂಡದಂಥ ಉಕ್ಕು, ನೀರು ಕುಡಿಯದೆ ನಿಂತದ್ದೇ ಕಾರಣ ಎಂದು ವೈದ್ಯರು ಹೇಳಿ ಒಆರ್‌ಎಸ್ ಕೊಟ್ಟರು. ಎರಡು ದಿನದಲ್ಲಿ ಹನ್ನೊಂದು ಜನ ನೋಡಲು ಬಂದರು. ಎಳನೀರು, ಮಜ್ಜಿಗೆ, ಬಾಳೆಹಣ್ಣು. ಒಬ್ಬ ಫಿಟ್ಟರ್ ಸುಮ್ಮನೆ ಕಾಲ ಬಳಿ ಕುಳಿತು ಒಂದು ಗಂಟೆ ಫೋನ್ ನೋಡಿ ಎದ್ದು ಹೋದ. 'ಅವನು ಏನು ಬೇಕಾಗಿ ಬಂದಿದ್ದ?' ಎಂದ. ಏನೂ ಬೇಕಿರಲಿಲ್ಲ, ಕೂರಲು ಬಂದಿದ್ದ ಎಂದೆ. ಇಲ್ಲಿಗೆ ಬಂದ ಎರಡನೆಯ ಚಳಿಗಾಲದಲ್ಲಿ ನಾನು ಹತ್ತು ದಿನ ಜ್ವರದಲ್ಲಿ ಬಿದ್ದಿದ್ದೆ, ಒಬ್ಬರೂ ಬಾಗಿಲು ಬಡಿಯಲಿಲ್ಲ. ಆ ಕಹಿಯನ್ನು ಅಲ್ಲಿಯೇ ಅವನ ಮುಂದೆ ಕಕ್ಕಿದೆ. 'ನೀನು ನಿದ್ದೆ ಮಾಡಲಿ ಎಂದು ಬಿಟ್ಟಿದ್ದೆವು. ಕಾಯಿಲೆಯವನನ್ನು ನೋಡಹೋಗುವುದು ನಮ್ಮಲ್ಲಿ ತೊಂದರೆ ಕೊಟ್ಟಂತೆ' ಎಂದ. ಮರ್ಯಾದೆಯೂ ಹೀಗೆ ಕಾಣಬಹುದು, ತಮ್ಮಾ. ಒಪ್ಪಿಕೊಂಡೆ, ಇಷ್ಟ ಮಾತ್ರ ಇನ್ನೂ ಆಗಿಲ್ಲ.

ಈಗ ನಿನ್ನ ಮೊದಲ ಪ್ರಶ್ನೆ. ಅದರ ಉತ್ತರ ನಿಮ್ಮ ಕೊಪ್ಪಳದಲ್ಲೇ ಇದೆ. ಆರನೆಯ ವಾರ ಗವಿಮಠದ ಬಳಿಯ ಅಶೋಕನ ಶಾಸನ ನೋಡಿ, ಕಿನ್ನಾಳದಲ್ಲಿ ಗೊಂಬೆ ಕೊಂಡು ಕತ್ತಲಾಯಿತು. ರಾತ್ರಿ ಕೊಪ್ಪಳದಲ್ಲೇ ಉಳಿಯೋಣವೆಂದು ಒಂದು ವಸತಿಗೃಹಕ್ಕೆ ಹೋದೆವು. ಕೋಣೆ ಇದೆ ಎಂದವರು ಅವನ ಮುಖ ನೋಡಿ ಇಲ್ಲ ಎಂದರು. ಆಗಿನ ನಿಯಮದಂತೆ ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಅವರ ವಿವರ ತುಂಬಿದ ಸಿ-ಫಾರ್ಮ್ ಅನ್ನು ಸರ್ಕಾರಕ್ಕೆ ಸಲ್ಲಿಸಬೇಕಿತ್ತು, ಆ ತಲೆನೋವು ಬೇಡ ಎಂಬುದು ಅವರ ಲೆಕ್ಕ. ಎರಡನೆಯ ಕಡೆಯೂ ಅದೇ. ಕಾರು ತಿರುಗಿಸಿ ಬಳ್ಳಾರಿಗೆ ಹೊರಟೆವು. ಹೊಸಪೇಟೆ ದಾಟುವವರೆಗೆ ಅವನು ಬಾಯಿ ಬಿಡಲಿಲ್ಲ. ಆಮೇಲೆ, 'ಇದುವರೆಗೆ ಎಲ್ಲ ಕಡೆ ನನಗೆ ಮೊದಲು ಕುರ್ಚಿ ಕೊಟ್ಟಿದ್ದಾರೆ. ಬಾಗಿಲಿನಿಂದ ಹಿಂದೆ ಕಳಿಸಿದ್ದು ಇದೇ ಮೊದಲು' ಎಂದ.

ಆಗ ನಾನು ಹೇಳಿದೆ. ಡ್ಯೂಸ್‌ಬುರ್ಗ್‌ನಲ್ಲಿ ಮನೆ ಹುಡುಕುವಾಗ ಹನ್ನೊಂದು ಕಡೆ ಫೋನ್ ಮಾಡಿದ್ದೆ. ಮನೆ ಖಾಲಿ ಇದೆ ಎಂದವರಲ್ಲಿ ಐದಾರು ಜನ ನನ್ನ ಹೆಸರು ಕೇಳಿದ ಮೇಲೆ ಈಗ ತಾನೇ ಹೋಯಿತು ಎಂದರು. ಟ್ರಾಮ್ ತುಂಬಿದ್ದರೂ ಕೆಲವೊಮ್ಮೆ ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ. ಅವನನ್ನು ತಡೆದದ್ದು ಒಂದು ಫಾರ್ಮ್, ನನ್ನನ್ನು ತಡೆದದ್ದು ಹೆಸರು. ಎರಡೂ ಒಂದೇ ಅಲ್ಲ ಎಂದೂ ಹೇಳಿದೆ. ಮರುದಿನ ಬಳ್ಳಾರಿಯ ಹುಡುಗರು ಮತ್ತೆ ಅವನ ಜೊತೆ ಸೆಲ್ಫಿಗೆ ಸಾಲು ನಿಲ್ಲುತ್ತಾರೆ; ನನ್ನ ಜೊತೆ ಡ್ಯೂಸ್‌ಬುರ್ಗ್‌ನಲ್ಲಿ ಯಾರೂ ನಿಲ್ಲುವುದಿಲ್ಲ. ಅವನು ವಾದಿಸಲಿಲ್ಲ. 'ಆಗ ನನಗೇಕೆ ಹೇಳಲಿಲ್ಲ?' ಎಂದು ಮಾತ್ರ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಕೇಳಿದರೆ ಸಣ್ಣವನಾಗುತ್ತೇನೆ ಎಂದುಕೊಂಡಿದ್ದೆ. ಅವನು ಮಾತ್ರ ಆರು ವಾರದಿಂದ ನಾಚಿಕೆಯಿಲ್ಲದೆ ಎಲ್ಲರನ್ನೂ ಎಲ್ಲವನ್ನೂ ಕೇಳುತ್ತಿದ್ದ: ಒಟಿಪಿ, ಚಿಲ್ಲರೆ, ದಾರಿ, ಕೈಯಲ್ಲಿ ರೊಟ್ಟಿ ಮುರಿಯುವ ಬಗೆ. ಪರದೇಶಿಯಾಗಲು ಅವನು ಒಪ್ಪಿಕೊಂಡಿದ್ದ. ನಾನು ಹದಿಮೂರು ವರ್ಷ ಒಪ್ಪಿರಲಿಲ್ಲ.

ಈಗ ನಮ್ಮಲ್ಲಿಗೆ ಹೊಸಬರು ಬಂದರೆ ಮನೆ ಮಾಲೀಕರಿಗೆ ಮೊದಲ ಫೋನ್ ಮಾಡುವವನು ಅವನೇ. ನಿನಗೂ ಮಾಡುತ್ತಾನೆ, ಹೇಳಿದ್ದೇನೆ. ಮನೆಗೆ ಸೇರಿದ 2 ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ನಿನ್ನ ಜೊತೆ ನಾನು ಬರುತ್ತೇನೆ. ದಪ್ಪ ಜಾಕೆಟ್ ಅಲ್ಲಿ ಕೊಳ್ಳಬೇಡ, ಇಲ್ಲಿಯ ಚಳಿಗೆ ಅದು ಸಾಲದು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ, ಆ ತಿಂಗಳು ಶನಿವಾರ ನಮ್ಮ ಮನೆಗೆ ಊಟಕ್ಕೆ ಬಾ. ಇದು 'ಮಾಲ್‌ಟ್ಸೈಟ್' ಅಲ್ಲ, ನಿಜವಾದ ಕರೆ.

ತುಪ್ಪ, ಪೇಡೆ ಕಟ್ಟಿಕೊಂಡು ಬರಬೇಡ, ಹಾಲಿನ ಪದಾರ್ಥಗಳನ್ನು ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಶೇಂಗಾ ಚಟ್ನಿ ಪುಡಿ ತಾ. ಎರಡು ಡಬ್ಬಿ. ಒಂದು ಅವನದು, ಹೋದ ತಿಂಗಳೇ ಮುಗಿಯಿತೆಂದು ದಿನಾ ಕೇಳುತ್ತಿದ್ದಾನೆ.